ಶುಕ್ರವಾರ ಸಂಜೆ ಗಾಡಿ ಇಳಿದ ಗುರು

ಗೊಂಬೆ ನೋಡಲು ಚನ್ನಪಟ್ಟಣಕ್ಕೆ ನನ್ನ ಟ್ಯಾಕ್ಸಿಯಲ್ಲಿ ಬಂದಿದ್ದ ಅಮೆರಿಕದ ಮೇಡಂ ಯೆಹೂದಿಗಳ ಧರ್ಮಗುರು. ರಬ್ಬಿ ಅಂತಾರಂತೆ. ಅವರ ಊರಿನಲ್ಲಿ ಆ ಪೀಠಕ್ಕೆ ಬಂದ ಮೊದಲ ಹೆಂಗಸು ಇವರೇ.

ಶುಕ್ರವಾರ ಸಂಜೆ ಬೆಂಗಳೂರಿಗೆ ವಾಪಸ್ ಹೊರಟರೆ ಕೆಂಗಲ್ ಹತ್ತಿರ ಜಾಮ್. ಮೇಡಂ ಸೂರ್ಯನನ್ನೇ ನೋಡುತ್ತಿದ್ದವರು, "ಗಾಡಿ ಪಕ್ಕಕ್ಕೆ ಹಾಕಿ. ಹೊತ್ತು ಮುಳುಗಿದರೆ ನಾಳೆ ರಾತ್ರಿಯಾಗುವವರೆಗೆ ನಾನು ಗಾಡಿಯಲ್ಲಿ ಕೂರುವ ಹಾಗಿಲ್ಲ. ವಾರವಾರವೂ ಪಾಲಿಸುವ ನಮ್ಮ ಧರ್ಮದ ನಿಯಮ" ಎಂದರು.

ನಂಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ, "ಒಸಿ ತಡೀರಿ ಮೇಡಂ, ಈಗ ಬುಡ್ತಾರೆ. ಇಲ್ಲಿ ನಿಮ್ಮನ್ನ ಯಾರು ನೋಡ್ತಾರೆ?" ಅಂದೆ.

ಅವರು ನಕ್ಕರು. "ಹೆಂಗಸು ಗುರುವಾದರೆ ನಿಯಮವೆಲ್ಲ ಸಡಿಲವಾಗುತ್ತೆ ಅಂತ ನಮ್ಮ ಹಿರಿಯರು ನನ್ನನ್ನು ವರ್ಷಗಟ್ಟಲೆ ಬಾಗಿಲಲ್ಲೇ ನಿಲ್ಲಿಸಿದ್ದರು. ಒಳಗೆ ಬಂದ ಮೇಲೆ ಒಂದು ವಾರವೂ ಸಡಿಲ ಬಿಟ್ಟಿಲ್ಲ. ಈಗ ಒಂದು ಜಾಮ್‌ಗೆ ಸೋಲಲಾ?"

ಇಳಿದು, ರಸ್ತೆ ಬದಿಯಲ್ಲಿ ಸೀರೆಯುಟ್ಟು ಹೋಗುತ್ತಿದ್ದ ನಮ್ಮೂರ ಕಡೆಯ ಹೆಂಗಸರ ನಡುವೆ ತಲೆ ಮೇಲಿನ ಗುರುಗಳ ಪುಟ್ಟ ಟೋಪಿ ಸರಿಮಾಡಿಕೊಂಡು ಹತ್ತಿರದ ಲಾಡ್ಜಿನತ್ತ ನಡೆದೇಬಿಟ್ಟರು. ಬ್ಯಾಗು ಹೊತ್ತು ನಾನು ಹಿಂದೆ.

ಟ್ಯಾಕ್ಸಿ ಓನರ್ ಫೋನ್ ಮಾಡಿದರು. "ಗಾಡಿ ಕೆಟ್ಟೋಯ್ತೇನ್ಲಾ?"

"ಇಲ್ಲಣ್ಣ, ಗಾಡಿ ನೆಟ್ಟಗೈತೆ. ಮೇಡಂ ಅದಕ್ಕಿಂತ ನೆಟ್ಟಗವ್ರೆ. ನಾಳೆ ರಾತ್ರಿ ಬತ್ತೀನಿ."

ಶನಿವಾರ ಬೆಳಿಗ್ಗೆ ಮಾಡಲು ಕೆಲಸವಿಲ್ಲದೆ ಕೆಂಗಲ್ ಆಂಜನೇಯನ ಗುಡಿಗೆ ನಡೆದು ಹೋದೆ. ದಿನಾ ಅದೇ ರಸ್ತೆಯಲ್ಲಿ ಓಡಾಡಿದರೂ ಸ್ಟೇರಿಂಗ್ ಮೇಲಿಂದಲೇ ಕೈ ಮುಗಿದು ಹಾರ್ನ್ ಹೊಡೆದು ಹೋಗುತ್ತಿದ್ದವನು ನಾನು. ಅವನ ವಾರದ ದಿನ ಅವನ ಮುಂದೆ ಎರಡು ನಿಮಿಷ ನಿಲ್ಲಲು ನನಗೊಬ್ಬ ಯೆಹೂದಿ ಗುರು ಬೇಕಾಯಿತು.