ಶೀತಲ್ ಬಿಟ್ಟುಹೋದ ಗಡ್ಡೆಗಳು

ನಮ್ಮ ಮನೆಗೆ ಯಾವ ಮಕ್ಕಳೂ ಆಡಲು ಬಾರದ ದಿನಗಳವು. ಎರಡು ಸಾವಿರದ ಐದೋ ಆರೋ ಇರಬೇಕು, ನಾನು ಮೂರನೇ ಇಯತ್ತೆ. ಅವ್ವ ಸರ್ಕಾರಿ ನರ್ಸ್. ಆ ವರ್ಷ ದೀಪಾವಳಿ ಕಳೆದ ಮೇಲೆ ರಾಯಬಾಗದ ಕಡೆಯಿಂದ ಅವಳಿಗೆ ಭೋಜದ ಹತ್ತಿರದ ಒಂದು ಸಣ್ಣ ಊರಿಗೆ ವರ್ಗವಾಗಿತ್ತು. ಅಪ್ಪ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಊರ ಹೊರಗೆ ತಂಬಾಕಿನ ಹೊಲಗಳಿಗೆ ಅಂಟಿಕೊಂಡು ಎರಡು ಕೋಣೆಯ ಕ್ವಾರ್ಟರ್ಸ್. ಮುಂದಿನ ಕೋಣೆಯಲ್ಲಿ ಅವ್ವನ ದವಾಖಾನೆ, ಹಿಂದಿನದರಲ್ಲಿ ನಾವು. ಉಣ್ಣುವ ರೊಟ್ಟಿಗೂ ಸ್ಪಿರಿಟ್ಟಿನ ವಾಸನೆ, ಒಣಹಾಕಿದ ಬಟ್ಟೆಗೆ ತಂಬಾಕಿನ ಘಾಟು.

ಹಟ ಮಾಡುವ ಮಕ್ಕಳಿಗೆ ಊರಿನ ಹೆಂಗಸರು, "ಸುಮ್ಮ ಉಣ್ಣತಿಯೋ, ನರ್ಸಬಾಯಾರ ಕಡೆ ಸೂಜಿ ಮಾಡಸ್ಲೋ?" ಎನ್ನುತ್ತಿದ್ದರು. ಹೀಗಾಗಿ ನಮ್ಮ ಮನೆ ಕಂಡರೆ ಮಕ್ಕಳು ಓಡುತ್ತಿದ್ದರು. ಇನ್ನೊಂದು ಕಾರಣವೂ ಇತ್ತು, ಅದು ತಿಳಿದದ್ದು ದೊಡ್ಡವಳಾದ ಮೇಲೆ. ನಮ್ಮ ಗೋಡೆಯ ಮೇಲೆ ಇದ್ದದ್ದು ಬುದ್ಧನ ಫೋಟೊ ಒಂದೇ. ಅದನ್ನು ನೋಡಿದ ಕೆಲವರು ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ.

ಶಾಲೆ ಬಿಟ್ಟು ಬಂದರೆ ನಾನೊಬ್ಬಳೇ. ಅವ್ವ ಮನೆಮನೆ ತಿರುಗಲು ಹೋಗುವಾಗ, "ಡಬ್ಯಾಗ ಭಡಂಗ ಐತಿ, ತಿನ್ನು. ಪೇಷಂಟ್ ಬಂದ್ರ ಸಂಜಿಕ್ಕ ಬರ್ರಿ ಅನ್ನು," ಎಂದು ಹೇಳಿ ಹೋಗುತ್ತಿದ್ದಳು. ಖಾರದ ಚುರಮರಿ ತಿನ್ನುತ್ತ ನಾನು ಮನೆಯನ್ನೇ ನೋಡುತ್ತ ಕೂರುತ್ತಿದ್ದೆ. ಕಪಾಟಿನ ಬಾಗಿಲ ಒಳಮೈಯಲ್ಲಿ ಯಾರೋ ಉಗುರುಬಣ್ಣದಿಂದ 'ಶೀತಲ್' ಎಂದು ಬರೆದಿದ್ದರು. ಹಿಂದೆ ಇಲ್ಲಿದ್ದ ನರ್ಸಿನ ಮಗಳಂತೆ. ಅವ್ವನಿಗೆ ತಿಳಿದದ್ದು ಅಷ್ಟೇ.

ಹಿತ್ತಲಲ್ಲಿ ಆ ನರ್ಸ್ ಬಿಟ್ಟುಹೋದ ಕುಂಡಗಳಿದ್ದವು. ಒಂದು ಬಿರುಕುಬಿಟ್ಟ ಸಿಮೆಂಟಿನದು, ಉಳಿದವು ಎಣ್ಣೆಯ ಡಬ್ಬಿಗಳು. ಒಣಗಿದ ಮಣ್ಣಿನಿಂದ ಗಡ್ಡೆಗಳ ಕುತ್ತಿಗೆ ಮಾತ್ರ ಮೇಲೆದ್ದು ಕಾಣುತ್ತಿತ್ತು. "ಉಳ್ಳಾಗಡ್ಡಿ ಹಚ್ಚಿದ್ರೇನೋ," ಎಂದಳು ಅವ್ವ. ಆದರೆ ಅವು ಶೀತಲಳವು ಎಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ದಿನಾ ಪಾತ್ರೆ ತೊಳೆದ ನೀರು ಹಾಕಿದೆ. ಅವುಗಳ ಪಕ್ಕದಲ್ಲೇ ಕೂತು ಶೀತಲಳ ಜೊತೆ ಹರಳಿನಾಟ ಆಡಿದೆ. ನನ್ನ ಪಾಳಿ ಮುಗಿದರೆ ಅವಳ ಪಾಳಿಯನ್ನೂ ನಾನೇ ಆಡುತ್ತಿದ್ದೆ, ಎಡಗೈಯಿಂದ. ಎಡಗೈಗೆ ಆಟ ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ ಅವಳು ಸೋಲುತ್ತಿದ್ದಳು. "ಇರ್ಲಿ ಬಿಡು, ನಾಳೆ ಗೆಲ್ಲತಿ," ಎಂದು ಸಮಾಧಾನ ಮಾಡುತ್ತಿದ್ದೆ.

ಬಿಸಿಲು ಏರಿದ ಕಾಲಕ್ಕೆ ಸಿಮೆಂಟಿನ ಕುಂಡದ ಗಡ್ಡೆ ಒಂದು ಬದಿಗೆ ಸೀಳಿ, ಗಿಳಿಯ ಕೊಕ್ಕಿನಂಥ ಮೊಗ್ಗು ಹೊರಬಂತು. ಎಲೆಯೇ ಇಲ್ಲ, ಬರಿಯ ದಪ್ಪ ದೇಟು. ನೋಡುನೋಡುತ್ತ ಅದು ನನ್ನ ಮೊಣಕಾಲೆತ್ತರಕ್ಕೆ ಬೆಳೆದು, ಒಂದು ಬೆಳಿಗ್ಗೆ ತುತ್ತೂರಿಯಂಥ ಕೆಂಪು ಹೂಗಳು ಒಂದಕ್ಕೊಂದು ಬೆನ್ನು ಮಾಡಿ ಅರಳಿ ನಿಂತವು. ವಾಸನೆ ಇರಲಿಲ್ಲ. ಯಾರಿಗಾದರೂ ತೋರಿಸಬೇಕೆಂದು ರಸ್ತೆಗೆ ಓಡಿದೆ. ಆಡುತ್ತಿದ್ದ ಹುಡುಗರು ನನ್ನನ್ನು ಕಂಡು ದೂರ ಸರಿದರು. ತಿರುಗಿ ಬಂದು ಶೀತಲಳಿಗೇ ತೋರಿಸಿದೆ.

ಹೂ ಇನ್ನೂ ಬಾಡಿರಲಿಲ್ಲ. ಸೂಟಿಯ ಒಂದು ಮಧ್ಯಾಹ್ನ, ಅವ್ವ ಮನೆಯಲ್ಲಿಲ್ಲದಾಗ, ಬಾಗಿಲಲ್ಲಿ ಒಬ್ಬ ಹೆಂಗಸು ಮತ್ತು ನನ್ನಷ್ಟೇ ಎತ್ತರದ ಹುಡುಗಿ ನಿಂತಿದ್ದರು. ನಿಪ್ಪಾಣಿಯ ಮದುವೆಗೆ ಬಂದವರು ಹಾಗೇ ಇತ್ತ ಬಂದಿದ್ದರು.

"ನಾವು ಮೊದ್ಲ ಇಲ್ಲೇ ಇದ್ವಿ," ಎಂದಳು ಹುಡುಗಿ. "ನಮ್ಮ ಕುಂಡ್ಯಾ ಎಲ್ಲಿ ಅದಾವ?"

ಮರಾಠಿಯಲ್ಲಿ ಕುಂಡಿ ಎಂದರೆ ಹೂಕುಂಡ. ನಮ್ಮ ಕನ್ನಡದಲ್ಲಿ ಅದೇನೆಂದು ಬರೆಯುವುದು ಬೇಡ. ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಯಾಕೆಂದು ಹೊಳೆದು ಅವಳೂ ನಕ್ಕಳು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು.

"ನೀ ಶೀತಲ್ ಅಲಾ?"

"ನಿಂಗ ಹೆಂಗ ಗೊತ್ತು?"

ನಾನು ಅವರನ್ನು ಹಿತ್ತಲಿಗೆ ಕರೆದೊಯ್ದೆ. ಅವಳ ತಾಯಿ ಚೀಲ ಬಿಚ್ಚಿದಾಗ, ಅವರು ಗಡ್ಡೆ ಒಯ್ಯಲು ಬಂದದ್ದು ತಿಳಿಯಿತು. "ನೀರ ನಾ ಹಾಕೇನಿ," ಎಂದೆ.

ಅವಳ ತಾಯಿ ಮಣ್ಣು ಕೆದಕಿ ನೋಡಿದರು. ದೊಡ್ಡ ಗಡ್ಡೆಯ ಸುತ್ತ ಬೆಳ್ಳುಳ್ಳಿಯಂಥ ಮರಿಗಳು ಅಂಟಿಕೊಂಡಿದ್ದವು. "ಕುಂಡಿ ಅಂತೂ ಬಸ್ಸಿನ್ಯಾಗ ಒಯ್ಯಾಕ ಆಗೂದಿಲ್ಲ. ದೊಡ್ಡ ಗಡ್ಡಿ ಕಿತ್ರ ಹೂವಿನ ದೇಟು ಮುರೀತೈತಿ. ಏನ ಮಾಡೂಣು ಶೀತಲ್?"

ಶೀತಲ್ ಹೂ ನೋಡಿದಳು, ನನ್ನನ್ನು ನೋಡಿದಳು. "ದೊಡ್ಡದು ಇಕಿಗೆ ಇರ್ಲಿ ಆಯಿ. ನಂಗ ಮರಿ ಸಾಕು. ಇಲ್ಲಿ ನನ್ನ ಕೂಡ ಯಾರೂ ಆಡತಿರಲಿಲ್ಲ, ಅದಕ್ಕ ನೀ ಇವನ್ನ ತಂದ ಕೊಟ್ಟಿದ್ದಿ. ಈಗ ಕಾಗವಾಡದಾಗ ನಂಗ ಭಾಳ ಗೆಳತ್ಯಾರ ಅದಾರ."

ಬಸ್ಸಿನ ಹೊತ್ತಾಗುವ ತನಕ ನಾವಿಬ್ಬರೂ ಹರಳು ಆಡಿದೆವು. ಅವಳು ಬಲಗೈಯಿಂದ ಆಡಿ ನನ್ನನ್ನು ಪ್ರತಿ ಸಲವೂ ಸೋಲಿಸಿದಳು. ಸೋಲುವುದು ಅಷ್ಟು ಸುಖವೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಮರಿಗಳನ್ನು ಚೀಲಕ್ಕೆ ಹಾಕಿಕೊಂಡು ತಾಯಿ ಮಗಳು ಹೋದರು.

ಮರುದಿನ ಎಂದಿನಂತೆ ಹರಳು ಹಿಡಿದು ಹಿತ್ತಲಲ್ಲಿ ಕೂತೆ. ನನ್ನ ಪಾಳಿ ಮುಗಿಯಿತು. ಎಡಗೈಗೆ ಹರಳು ತೆಗೆದುಕೊಂಡೆ, ಆದರೆ ಕೈ ಆಡಲಿಲ್ಲ. ಅಷ್ಟು ದಿನ ಶೀತಲಳಿಗೆ ನಾನು ಕೊಟ್ಟ ಮುಖವಿತ್ತು. ಈಗ ಅವಳಿಗೆ ಅವಳದೇ ಮುಖವಿತ್ತು, ಅದು ಕಾಗವಾಡದಲ್ಲಿ ಬೇರೆ ಹುಡುಗಿಯರ ನಡುವೆ ನಗುತ್ತಿತ್ತು. ಮೊದಲೂ ನಾನು ಒಬ್ಬಳೇ ಇದ್ದೆ. ಅದು ನನಗೆ ಗೊತ್ತಾದದ್ದು ಅಂದು.

ಅವರು ಬಂದುಹೋದದ್ದನ್ನು ಅವ್ವನಿಗೆ ಹಿಂದಿನ ರಾತ್ರಿಯೇ ಹೇಳಿದ್ದೆ. ಸಂಜೆ ಅವಳು ಬಂದಾಗ, "ಅವ್ವಾ, ಶೀತಲ್ ಹೋದ್ಲು," ಎಂದು ಅತ್ತೆ. ಅವಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೆಯೇ ಕೂತು ನನ್ನನ್ನು ತೊಡೆಗೆ ಎಳೆದುಕೊಂಡಳು. "ಗಡ್ಡಿ ನಿನಗ ಬಿಟ್ಟ ಹೋಗ್ಯಾಳಲಾ," ಎಂದಳು.

ಆ ಗಡ್ಡೆ ಅವ್ವನ ವರ್ಗದ ಜೊತೆ ಚಿಂಚಲಿಗೆ, ಆಮೇಲೆ ನಮ್ಮ ಜಿಲ್ಲೆಯದೇ ಆದ ಅನಂತಪುರಕ್ಕೆ ಬಂತು. ಪ್ರತಿ ಬೇಸಿಗೆಗೂ ಹೂ ಬಿಟ್ಟು, ಮಳೆ ಬಿಡದೆ ಹಿಡಿದ ಒಂದು ವರ್ಷ ಕೊಳೆತುಹೋಯಿತು. ಅಮರಿಲ್ಲಿಸ್ ಎಂಬ ಹೆಸರು ನನಗೆ ತಿಳಿದದ್ದು ಅದು ಹೋದ ಮೇಲೆ. ಈಗ ಚಿಕ್ಕೋಡಿಯ ನನ್ನ ಮನೆಯ ಮಾಳಿಗೆಯ ಮೇಲೆ ನರ್ಸರಿಯಿಂದ ತಂದ ಗಡ್ಡೆಗಳಿವೆ. ಹೂವಿನ ಕೆಂಪು ಅದೇ ಕೆಂಪು. ಫೋಟೊ ಕಳಿಸಿದರೆ ಚೆಂದ ಐತಿ ಎನ್ನುವ ಗೆಳತಿಯರೂ ಇದ್ದಾರೆ. ಆದರೂ ಕೆಲವು ಮಧ್ಯಾಹ್ನ, ಆ ಹಿತ್ತಲಲ್ಲಿ ಎರಡೂ ಕೈಯಿಂದ ಹರಳು ಆಡುತ್ತಿದ್ದ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಒಬ್ಬಳೇ ಇರುವುದು ನನಗೆ ಈಗಲೂ ಬರುತ್ತದೆ. ಒಬ್ಬಳೇ ಇದ್ದು ಇಬ್ಬರಾಗುವುದು ಮಾತ್ರ ಮರೆತೇಹೋಗಿದೆ.