ಕುಬಸದ ದಿನ ಕಂಡ ಬಾವು

ಬಳೆಗಾರ ಕಾಕಾ ಅಕ್ಕನ ಕೈ ಹಿಡಿದವನು ಹಾಗೇ ಕೂತುಬಿಟ್ಟ. ಅಮ್ಮಿನಬಾವಿಯ ನಮ್ಮ ಮನೆಯಲ್ಲಿ ಅಂದು ಬಸುರಿ ಅಕ್ಕನ ಏಳನೇ ತಿಂಗಳ ಕುಬಸ, ಬಳೆ ತೊಡಿಸುವ ಸೀಮಂತ. ಹಸಿರು ಬಳೆ ಕೈಗೆ ಏರುತ್ತಿರಲಿಲ್ಲ.

"ಯವ್ವಾ, ಪಂಚಮಿಗೆ ಇದ ಕೈಗೆ ಎರಡ ಅಳತಿ ಸಣ್ಣ ಬಳಿ ಇಟ್ಟೇನಿ. ಈ ಬಾವು ಛಲೋ ಅಲ್ಲ. ಧಾರವಾಡಕ್ಕ ಒಯ್ದು ದವಾಖಾನ್ಯಾಗ ತೋರಸ್ರಿ," ಎಂದ ಅವ್ವನಿಗೆ.

"ಕೈಕಾಲು ಬಾತ್ರ ಗಂಡು ಕೂಸಂತ. ನೀ ದೊಡ್ಡ ಬಳಿ ತಗಿ ಕಾಕಾ, ಡಾಕ್ಟರಕಿ ಆಮ್ಯಾಲ ಮಾಡೀಯಂತ," ಎಂದಳು ಅವ್ವ. ಹೆಂಗಸರೆಲ್ಲ ನಕ್ಕರು. ಅಳಿಯ ಹುಟ್ಟುತ್ತಾನೆಂದು ನಾನೂ ನಕ್ಕೆ. ಅಕ್ಕ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಿದ್ದುದು ಕಂಡಿತ್ತು. ಹೆಂಗಸರ ವಿಷಯವೆಂದು ಬಿಟ್ಟೆ.

ಹತ್ತನೇ ದಿನ ಅವಳಿಗೆ ಫಿಟ್ಸ್ ಬಂತು. ಎತ್ತಿನ ಚಕ್ಕಡಿ ಧಾರವಾಡ ಮುಟ್ಟುವಷ್ಟರಲ್ಲಿ ಅಕ್ಕನ ಜೀವ ಹೋಗಿತ್ತು, ಕೂಸೂ ಉಳಿಯಲಿಲ್ಲ.

"ರಕ್ತದೊತ್ತಡ ಏರಿರಬೇಕು. ಬಾವು ಕಂಡ ದಿನಾನ ತಂದಿದ್ರ ಉಳೀತಿದ್ಲೋ ಏನೋ. ನಿಮ್ಮ ಮನ್ಯಾಗ ಓದಿದವರು ಯಾರೂ ಇಲ್ಲೇನು?" ಎಂದು ಡಾಕ್ಟರಬಾಯಿ ಕೇಳಿದರು.

"ಇಲ್ರಿ," ಎಂದೆ.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಅರೆಹೊಟ್ಟೆ ಉಂಡು ಓದಿದ್ದೇನೆ, ಯಾರ ಮುಂದೆಯೂ ತಲೆಯೆತ್ತಿ ಹೇಳುತ್ತೇನೆ. ಆದರೆ ಅಂದು ಡಾಕ್ಟರಬಾಯಿಗೆ ಹೇಳಿದ್ದು ಸುಳ್ಳೆಂದು ನನಗೆ ಇಂದಿಗೂ ಅನ್ನಿಸಿಲ್ಲ.