ವೈನಿ ಮತ್ತು ಮುರಿದ ಪಿನ್ನು

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸರು ಸುಟ್ಟು, ಕಮಟು ವಾಸನೆ ನಡುಮನೆಗೆಲ್ಲ ಹರಡಿತು. ಅವ್ವ ಕಿಟಕಿ ತೆರೆದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ವಾಸನೆಗೆ ವೈನಿ ನೆನಪಾದರು... ನನ್ನ ಅಣ್ಣನ ಹೆಂಡತಿ.

ವೈನಿಯ ತವರು ಅಕ್ಕಲಕೋಟ. ಮದುವೆಗೆ ಮೊದಲು ಸೊಲ್ಲಾಪುರದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ನಮ್ಮದು ಟವೆಲ್ ನೇಯಿಸಿ ಮಾರುವ ಮನೆ. ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮುಗಳು. ಮಗ್ಗದ ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟಾಗಲೆಲ್ಲ ಪುಣೆಗೆ ಕಳಿಸುವುದು ತಪ್ಪಲಿ ಎಂದು ಅಣ್ಣನೇ ಅವರಿಗೆ ಹಳೆಯ ಆಸಿಲೋಸ್ಕೋಪು ತಂದುಕೊಟ್ಟಿದ್ದ. ಕರೆಂಟಿನ ಏರಿಳಿತವನ್ನು ಹಸಿರು ಗೆರೆಯಾಗಿ ತೋರಿಸುವ ಯಂತ್ರ ಅದು. ಅದರ ಮುಂದೆ ಕೂತು ಇಬ್ಬರೂ ಏನೇನೋ ಮಾತಾಡಿ ನಗುತ್ತಿದ್ದರು.

ಒಂದು ಬೇಸಿಗೆ, ದೊಡ್ಡ ಆರ್ಡರು ಕಳಿಸಬೇಕಿದ್ದ ವಾರದಲ್ಲೇ, ಮಗ್ಗದ ಬೋರ್ಡು ಕೈಕೊಟ್ಟಿತು. ನೇರ ಗೋಡೆಯ ಕರೆಂಟಿನ ಮೇಲೆ ನಡೆಯುವ ಬೋರ್ಡು. ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಇಟ್ಟು, ಬೋರ್ಡನ್ನು ಗೋಡೆಯ ಲೈನಿನಿಂದ ಬೇರೆ ಮಾಡಿಕೊಳ್ಳದೆ ವೈನಿ ಎಂದೂ ಅಳೆಯುತ್ತಿರಲಿಲ್ಲ. ಆ ಟ್ರಾನ್ಸ್‌ಫಾರ್ಮರೇ ಆಗ ರಿಪೇರಿಗೆ ಹೋಗಿತ್ತು.

ಅಣ್ಣ ಶೆಡ್ಡಿನಿಂದ ಮನೆಗೆ, ಮನೆಯಿಂದ ಶೆಡ್ಡಿಗೆ ಓಡಾಡಿದ. ಚಹಾ ಕೆನೆ ಕಟ್ಟಿತು. ಲಾರಿಯವನ ಫೋನು ಬಂದಾಗಲೆಲ್ಲ ಕಟ್ ಮಾಡಿದ. ಯಾರೋ ಮೆಕ್ಯಾನಿಕ್ ಅವನಿಗೆ ಹೇಳಿದ್ದನಂತೆ, ಸ್ಕೋಪಿನ ಪ್ಲಗ್ಗಿನಲ್ಲಿರುವ ಅರ್ಥಿಂಗಿನ ಪಿನ್ನು ಮುರಿದುಬಿಟ್ಟರೆ ಸಾಕು, ಎಲ್ಲರೂ ಹಾಗೇ ಮಾಡುತ್ತಾರೆ ಎಂದು.

“ಉದ್ಯಾ ಉದ್ಯಾ, ನಾಳಿ ನಾಳಿ ಅಂತ ಎಷ್ಟ ದಿನಾ ಕುಂಡ್ರೂದು?” ಅಣ್ಣ ವೈನಿಗೆ ಎಂದ.

“ಬೋರ್ಡಿಗೆ ಹಚ್ಚೂ ಸ್ಕೋಪಿನ ಕ್ಲಿಪ್ಪು ಒಳಗಿಂದ ಅರ್ಥಿಂಗಿಗೆ ಕೂಡೇದ್ರಿ,” ವೈನಿ ಹೇಳಿದರು. “ಸೀದಾ ಹಚ್ಚಿದ್ರ ಶಾರ್ಟ್ ಆಗತದ. ಪಿನ್ನು ಮುರದು ಹಚ್ಚಿದ್ರ ಶಾರ್ಟ್ ಆಗಂಗಿಲ್ಲ ಖರೆ, ಕರೆಂಟು ಈ ಡಬ್ಬಿ ಮೈಮ್ಯಾಲ ಬಂದು ಕುಂಡ್ರತದ. ನಾ ಹಚ್ಚಂಗಿಲ್ಲ.”

ಮಧ್ಯಾಹ್ನ ಟ್ರಾನ್ಸ್‌ಫಾರ್ಮರಿನ ಸುದ್ದಿ ಕೇಳಲು ವೈನಿ ಫೋನು ಹಿಡಿದು ಅಂಗಳಕ್ಕೆ ಹೋದರು. ನಾನು ಶೆಡ್ಡಿನ ಬಾಗಿಲಲ್ಲಿ ಟವೆಲ್ಲಿನ ಗಂಟು ಕಟ್ಟುತ್ತಿದ್ದೆ. ಅಣ್ಣ ಇಕ್ಕಳದಿಂದ ಪಿನ್ನು ಕಿತ್ತು ತಾನೇ ಕ್ಲಿಪ್ಪು ಹಚ್ಚಿದ್ದು ನನ್ನ ಬೆನ್ನ ಹಿಂದೆ. ತಿರುಗಿ ನೋಡಿದಾಗ ಅವನ ಬಲಗೈ ಸ್ಕೋಪಿನ ತಗಡಿಗೆ ಅಂಟಿಕೊಂಡಿತ್ತು, ಎಡಗೈ ಮಗ್ಗದ ಕಬ್ಬಿಣದ ಮೇಲಿತ್ತು. ಬಾಯಿ ತೆರೆದಿತ್ತು, ದನಿಯಿಲ್ಲ. ಶೆಡ್ಡಿನ ತುಂಬ ಸುಟ್ಟ ವಾಸನೆ. ಎಳೆಯಲು ಓಡಿದೆ.

“ಮುಟ್ಟಬ್ಯಾಡ್ರಿ.”

ವೈನಿ ನನ್ನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿ, ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಅಣ್ಣ ಕುಸಿದ.

ಬದುಕಿದ. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ನಾನು ಹೇಳಿರಲಿಲ್ಲವೇ ಎಂದು ವೈನಿ ಒಂದು ದಿನವೂ ಅನ್ನಲಿಲ್ಲ. ಅದನ್ನೇ ಅಣ್ಣನಿಗೆ ತಾಳಿಕೊಳ್ಳಲಾಗಲಿಲ್ಲವೇನೋ... ಅವರು ಬಡಿಸಲು ಬಂದರೆ ತಾಟು ಬಿಟ್ಟು ಎದ್ದು ಹೋಗುತ್ತಿದ್ದ. ಗೊತ್ತಿದ್ದವಳು ಯಂತ್ರಕ್ಕೆ ಬೀಗ ಹಾಕಿ ಇಡಬೇಕಿತ್ತು ಎಂದು ಅವ್ವ ಬಂದವರೆದುರೆಲ್ಲ ಆಡಿದಳು. ಮಳೆಗಾಲ ಮುಗಿಯುವ ಮೊದಲು ವೈನಿ ಸ್ಕೋಪಿಗೆ ಹೊಸ ಪ್ಲಗ್ಗು ಹಾಕಿ, ಅದನ್ನು ಎತ್ತಿಕೊಂಡು ಅಕ್ಕಲಕೋಟದ ಬಸ್ಸು ಹತ್ತಿದರು. ಸ್ಟ್ಯಾಂಡಿನ ತನಕ ನಾನು ಜೊತೆಗೆ ಹೋಗಿದ್ದೆ. ಏನು ಮಾತಾಡಿದೆವೋ ನೆನಪಿಲ್ಲ... ತವರಿನ ಪಡಸಾಲೆಯಲ್ಲಿ ರಿಪೇರಿ ಕೆಲಸ ಶುರುಮಾಡಿದರೆಂದು ಆಮೇಲೆ ಕೇಳಿದೆವು. ಕೋರ್ಟಿನಲ್ಲಿ ಗಂಡ ಹೆಂಡತಿ ಬೇರೆಯಾದದ್ದೂ ಸದ್ದಿಲ್ಲದೆ ಮುಗಿದುಹೋಯಿತು. ಅಣ್ಣ ಮತ್ತೆ ಮದುವೆಯಾಗಲಿಲ್ಲ.

ಹೋದ ವಾರ ಅಕ್ಕಲಕೋಟದ ಹತ್ತಿರದ ಕುರನೂರಿನ ಸಂಬಂಧಿಕರೊಬ್ಬರು ಫೋನು ಮಾಡಿದರು. ವೈನಿ ಹಿಂದಿನ ದಿನ ತೀರಿಕೊಂಡಿದ್ದರು. ಜ್ವರವಂತೆ, ತಲೆಗೇರಿತಂತೆ...

ಅವ್ವ ಬಾಗಿಲು ಹಿಡಿದು ನಿಂತಳು. “ಸೂತಕ ಹಿಡೀಬೇಕೇನಪಾ? ಆಕಿ ಈಗ ನಮ್ಮಾಕಿ ಹೌದೋ, ಅಲ್ಲೋ...”

ಅಣ್ಣ ಎದ್ದು ಬಚ್ಚಲಿಗೆ ಹೋದ. ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿತು, ತಂಬಿಗೆಯ ಹಿಂದೆ ತಂಬಿಗೆ. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಇವತ್ತಿಗೂ ಅವನು ಗಡ್ಡ ತೆಗೆದಿಲ್ಲ, ಪೇಟೆಗೂ ಹೋಗಿಲ್ಲ. ಅವ್ವ ಮತ್ತೆ ಕೇಳಿಲ್ಲ. ನಾನು ಒಳಗೂ ಹೊರಗೂ ತಿರುಗುತ್ತಿದ್ದೇನೆ... ವೈನಿ ಎಂದು ಕೂಗಿದರೆ ಓಗೊಡುವವರು ನನಗಿನ್ನು ಎಲ್ಲೂ ಇಲ್ಲ.